ಆರರಲ್ಲಿ ಒಬ್ಬ

ಅವನ ಕೋಟಿನ ಮೇಲೆ ಒಂದು ಗೀರೂ ಬಿದ್ದಿರಲಿಲ್ಲ. ಎನೋಕಾ ಪಾಹಿಯಾನಿಗೆ ಮೊದಲು ಸಿಟ್ಟು ಬಂದದ್ದು ಆ ಕೋಟಿನ ಮೇಲೆಯೇ. ಕೋರ್ಟುಮನೆಯಿಂದ ಹೊರಬಿದ್ದ ಶಾಸನಸಭೆಯ ಸದಸ್ಯರದು ಒಬ್ಬೊಬ್ಬರದು ಒಂದೊಂದು ಅವಸ್ಥೆಯಾಗಿತ್ತು; ಒಬ್ಬನ ಅಂಗಿಯ ತೋಳು ಹರಿದಿತ್ತು, ಒಬ್ಬ ಉದುರಿದ ಹಲ್ಲನ್ನು ಅಂಗೈಯಲ್ಲಿ ಹಿಡಿದು ನಡೆಯುತ್ತಿದ್ದ, ಇನ್ನೊಬ್ಬ ಕಿಟಕಿಯಿಂದ ಹಾರಿ ಕಾಲು ಉಳುಕಿಸಿಕೊಂಡಿದ್ದ. ಇವನು ಮಾತ್ರ ಮದುವೆಯೂಟ ಮುಗಿಸಿ ಹೊರಟ ಬೀಗನ ಹಾಗೆ, ಹಾಕಿದ ಗುಂಡಿ ಹಾಕಿದಂತೆಯೇ, ಹೊನೊಲುಲುವಿನ ಬೀದಿಯಲ್ಲಿ ಚಿಕ್ಕಮ್ಮನ ಮನೆಯ ಕಡೆ ಹೋಗುತ್ತಿದ್ದ. ಯಾರಾದರೂ ಒಂದು ಕಲ್ಲಾದರೂ ಎಸೆಯಬಾರದೇ ಎನ್ನಿಸಿತು. ಕಲ್ಲಿನ ಬದಲು ಬಂದದ್ದು ಹೂಮಾಲೆ. ಬಾಗಿಲಲ್ಲಿ ನಿಂತಿದ್ದ ಒಬ್ಬ ದಪ್ಪ ಹೆಂಗಸು ಓಡಿಬಂದು, ತನ್ನ ಕೊರಳಿನ ಮಾಲೆ ತೆಗೆದು ಅವನಿಗೆ ಹಾಕಿ, ಎರಡೂ ಕೆನ್ನೆ ಹಿಡಿದು ಅತ್ತಳು. "ಆರರಲ್ಲಿ ನೀವೂ ಒಬ್ಬರಂತೆ! ನಿಮ್ಮ ತಮ್ಮ ಲೂಕಾ ಹೇಳ್ತಾ ಹೋದ. ನಿಮ್ಮ ಹೆತ್ತೊಡಲು ತಣ್ಣಗಿರ್ಲಿ ಕಣಪ್ಪಾ." ಅವನು ತಲೆ ಬಾಗಿಸಿದ. ಬಾಗಿಸಿದ ತಲೆಯನ್ನು ಅವಳು ವಿನಯವೆಂದುಕೊಂಡಳು. ಮಾಲೆ ಬೆವರಿಗೆ ಅಂಟಿ ಕುತ್ತಿಗೆ ತುರಿಸತೊಡಗಿತು, ಆದರೆ ಬೀದಿಯ ಕಣ್ಣೆಲ್ಲ ಅದರ ಮೇಲೆ ಇದ್ದುದರಿಂದ ತೆಗೆಯುವ ಹಾಗಿರಲಿಲ್ಲ.

ಆರು. ಆ ಅಂಕಿಯನ್ನು ಕೇಳಿದರೇ ಅವನಿಗೆ ಮೈ ಉರಿಯುತ್ತಿತ್ತು. ರಾಜ ವಾರಸುದಾರನನ್ನು ಹೆಸರಿಸದೆ ಕಣ್ಣುಮುಚ್ಚಿದ್ದ, ಅವನಿಗೆ ಮುಂಚಿನವನೂ ಹಾಗೆಯೇ ಸತ್ತಿದ್ದ. ಹಾಗಾದರೆ ಸಭೆಯೇ ಕೂತು ಆರಿಸಬೇಕೆಂದು ಕಾಯಿದೆ ಹೇಳುತ್ತಿತ್ತು. ಒಂದು ಕಡೆ ಹಿಂದೊಬ್ಬ ರಾಜನ ವಿಧವೆಯಾದ ರಾಣಿ, ಇನ್ನೊಂದು ಕಡೆ ಎಲ್ಲರೂ ಕರ್ನಲ್ ಎಂದೇ ಕರೆಯುತ್ತಿದ್ದ ಒಬ್ಬ ದೊಡ್ಡ ಮನೆತನದವನು. ಊರಿಗೆ ಊರೇ ರಾಣಿಯ ಕಡೆ ಇತ್ತು. ಸಭೆ ಮಾತ್ರ ಚೀಟಿ ಎಣಿಸಿದಾಗ ಕರ್ನಲ್‌ಗೆ ಮೂವತ್ತೊಂಬತ್ತು, ರಾಣಿಗೆ ಆರು ಎಂದಿತು. ಚೀಟಿ ಮಡಚಿ ಹಾಕಿದ್ದಾದ್ದರಿಂದ ಯಾರು ಯಾರಿಗೆ ಹಾಕಿದರೆಂದು ದೇವರಿಗೇ ಗೊತ್ತು. ಗೆದ್ದೆತ್ತಿನ ಬಾಲ ಹಿಡಿಯುವುದು ಲೋಕದ ರೂಢಿ. ಆ ಮಧ್ಯಾಹ್ನ ಮಾತ್ರ ಎಲ್ಲರೂ ಸೋತೆತ್ತಿನ ಬಾಲಕ್ಕೆ ಜೋತುಬಿದ್ದಿದ್ದರು. ಮೂಲೆಯ ಬಾವಿಯ ಹತ್ತಿರ ಸಿಕ್ಕ ಹಿಲೋ ಕಡೆಯ ಸದಸ್ಯನೊಬ್ಬ, ಮೂಗಿಗೆ ಒದ್ದೆ ಬಟ್ಟೆ ಒತ್ತಿಕೊಂಡು, "ನಾನೂ ಆರರಲ್ಲಿ ಒಬ್ಬ ಅಂದ್ಬಿಟ್ಟೆ, ಅರ್ಧಕ್ಕೆ ಬಿಟ್ರು. ನೀನು ಮೊದ್ಲೇ ಹೇಳ್ದೆ ಅನ್ಸತ್ತೆ, ಜಾಣ!" ಎಂದು ಕಣ್ಣು ಮಿಟುಕಿಸಿದ. ಎನೋಕಾನಿಗೆ ಅವನ ಮೂಗನ್ನು ಇನ್ನೊಂದು ಸಲ ಒಡೆಯಬೇಕೆನ್ನಿಸಿತು. ನಾನು ಹೇಳಲಿಲ್ಲ, ನಾನು ಬಾಯೇ ಬಿಡಲಿಲ್ಲ ಎಂದು ಕೂಗಬೇಕೆನ್ನಿಸಿತು, ಆದರೆ ಬಾಯಿ ಬಿಡದೆ ಇದ್ದದ್ದೇ ತಾನೆ ಈಗ ಕೊರಳಲ್ಲಿ ಹೂವಾಗಿ ತುರಿಸುತ್ತಿರುವುದು.

ಕೊಹಾಲದಿಂದ ಹಡಗು ಹತ್ತುವಾಗ ಅವನೂರಿನ ಹೆಂಗಸರು ಮೊಣಕಾಲುದ್ದ ನೀರಿಗಿಳಿದು ಅವನ ಕೈ ಹಿಡಿದುಕೊಂಡಿದ್ದರು. "ನಮಗೆ ಓಟಿಲ್ಲ ಎನೋಕಾ. ನಿನ್ನ ಕೈಯೇ ನಮ್ಮ ಕೈ." ಆಗಲಿ ಎಂದಿದ್ದ, ಮನಸ್ಸಿಟ್ಟೇ ಎಂದಿದ್ದ. ಹೊನೊಲುಲುವಿಗೆ ಬಂದ ಎರಡನೆಯ ದಿನ ಊರವರು ಕೊಟ್ಟ ಒಣಮೀನಿನ ಕಟ್ಟು ಹೊತ್ತು ರಾಣಿಯ ಮನೆಗೆ ಹೋದ. ರಾಣಿಗೆ ಮೈ ಸರಿಯಿಲ್ಲವೆಂದರು, ವರಾಂಡದಲ್ಲಿ ಕೂರಿಸಿದರು, ಮೀನಿನ ಕಟ್ಟನ್ನು ಮೂಗು ತಿರುಗಿಸಿಕೊಂಡು ಒಳಗೆ ಒಯ್ದರು. ಆಮೇಲೆ ಚಹಾ ಬಂತು. ಮೊಟ್ಟೆಯ ಚಿಪ್ಪಿನಷ್ಟು ತೆಳು ಪಿಂಗಾಣಿ ಬಟ್ಟಲು, ಅದಕ್ಕೊಂದು ಹಿಡಿಕೆ. ಹಗ್ಗ ಎಳೆದು ಬಲೆ ಎಳೆದು ದಪ್ಪಗಾದ ಅವನ ಬೆರಳು ಆ ಹಿಡಿಕೆಯೊಳಗೆ ಹೋಯಿತು, ವಾಪಸು ಬರಲಿಲ್ಲ. ಎಡಗೈಯಿಂದ ಎಳೆದ, ತಿರುಗಿಸಿದ, ಬಿಸಿ ಚಹಾ ಷರಾಯಿಯ ಮೇಲೆ ಚೆಲ್ಲಿತು. ರೇಷ್ಮೆ ಉಟ್ಟ ಸಖಿಯೊಬ್ಬಳು ಬಾಗಿಲ ಪರದೆಯ ಹಿಂದೆ ನಿಂತು ನಕ್ಕಳು. ಇನ್ನೊಬ್ಬಳನ್ನು ಕರೆದು ತೋರಿಸಿ ನಕ್ಕಳು. ಕೊನೆಗೆ ಅಡುಗೆಯವನು ಬಂದು ಬೆರಳಿಗೆ ಸಾಬೂನು ಹಚ್ಚಿ ಬಿಡಿಸಿದ, ಹಸುವಿನ ಗೊರಸಿನಿಂದ ಮುಳ್ಳು ತೆಗೆಯುವವನ ಹಾಗೆ. ಅದಾದ ಮೇಲೆ ಎನೋಕಾ ಕರ್ನಲ್ ಪಕ್ಷದವರ ಮಾತನ್ನು ಕಿವಿಗೊಟ್ಟು ಕೇಳತೊಡಗಿದ. ಸಕ್ಕರೆಯ ವ್ಯಾಪಾರ, ಅಮೆರಿಕದ ಸುಂಕ, ರಾಣಿ ಬಂದರೆ ಇಂಗ್ಲಿಷರ ಸೆರಗು ಹಿಡಿಯುತ್ತಾಳೆ, ಇವೆಲ್ಲ ತೂಕದ ಮಾತುಗಳಾಗಿಯೇ ಕಂಡವು. ತೂಕದವೇ ಇರಬಹುದು. ಆದರೆ ಈ ಮಧ್ಯಾಹ್ನ ಚೀಟಿಯ ಮೇಲೆ ಪೆನ್ನು ಊರಿದಾಗ ಸಕ್ಕರೆಯೂ ಇರಲಿಲ್ಲ, ಸುಂಕವೂ ಇರಲಿಲ್ಲ. ಬೆರಳಿನ ಗಿಣ್ಣಿನ ಹತ್ತಿರ ಸುಲಿದ ಚರ್ಮ ಕಂಡಿತು, ಅಷ್ಟೇ. ಒಂದು ದೇಶದ ಸಿಂಹಾಸನವನ್ನು ಅವನು ಒಂದು ಬಟ್ಟಲಿನ ಹಿಡಿಕೆಯ ಮೇಲಿನ ಸೇಡಿಗೆ ಕೊಟ್ಟುಬಿಟ್ಟಿದ್ದ. ಬರೆಯುವಾಗ ಪಾಠಶಾಲೆಯ ಹುಡುಗನ ಹಾಗೆ ಎಡಗೈಯನ್ನು ಅಡ್ಡ ಇಟ್ಟುಕೊಂಡಿದ್ದ.

ಪಕ್ಕದಲ್ಲಿ ಕೂತಿದ್ದ ಹೋಸೆಯಾ ಮುದುಕ ಕೈ ಅಡ್ಡ ಇಟ್ಟಿರಲಿಲ್ಲ. ಮೊಲೊಕಾಯಿ ದ್ವೀಪದವನು, ಎಪ್ಪತ್ತು ದಾಟಿತ್ತು, ಕಣ್ಣು ಮಂಜು. ಚೀಟಿಯನ್ನು ಮೂಗಿನ ಹತ್ತಿರ ಹಿಡಿದು, ತುಟಿ ಅಲ್ಲಾಡಿಸುತ್ತ, ದೊಡ್ಡ ದೊಡ್ಡ ಅಕ್ಷರದಲ್ಲಿ ರಾಣಿಯ ಹೆಸರು ಬರೆದ. ಮಸಿ ಆರಲೆಂದು ಊದಿದ. ಎನೋಕಾ ನೋಡಿದ, ಎನೋಕಾ ನೋಡಿದ್ದನ್ನು ಮುದುಕ ನೋಡಿದ, ಚೀಟಿ ಮಡಚಿದ. ಅದಾಗಿ ಸ್ವಲ್ಪ ಹೊತ್ತಿಗೆ ಎಣಿಕೆ ಮುಗಿಯಿತು, ಸುದ್ದಿ ಹೊತ್ತು ಹೊರಟವರ ಗಾಡಿಯನ್ನು ಜನ ಬಾಗಿಲಲ್ಲೇ ಮುರಿದರು, ಗಾಲಿಯ ಅರಗಳನ್ನು ಕಿತ್ತು ದೊಣ್ಣೆ ಮಾಡಿಕೊಂಡು ಹಿಂಬಾಗಿಲಿಂದ ಒಳಗೆ ನುಗ್ಗಿದರು. ಕುರ್ಚಿ, ಕಾಗದ, ಮಸಿಕುಡಿಕೆ ಎಲ್ಲ ಕಿಟಕಿಯಿಂದಾಚೆ ಹಾರಿತು. ಬಿಳಿಯ ಸದಸ್ಯರನ್ನು ಯಾರೂ ಮುಟ್ಟಲಿಲ್ಲ. ಅದೇ ನಮ್ಮವರ ಲೆಕ್ಕ. ಬಿಳಿಯನು ಬಿಳಿಯನ ಹಾಗೆ ಓಟು ಹಾಕಿದ, ನೀನು ನಮ್ಮವನಾಗಿ ಹಾಕಿದೆಯಲ್ಲ, ಬಾ. ಎನೋಕಾ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದಾಗ ಎದುರು ಬಂದವನು ಲೂಕಾ, ಚಿಕ್ಕಮ್ಮನ ಮಗ, ಒಂದೇ ಚಾಪೆಯ ಮೇಲೆ ಬೆಳೆದ ತಮ್ಮ. ಬಂದರಿನಲ್ಲಿ ಮೂಟೆ ಹೊತ್ತು ಹೊತ್ತು ಗೂಳಿಯ ಭುಜ ಬಂದಿತ್ತು ಅವನಿಗೆ. "ಬಿಡ್ರೋ ಇವನ್ನ!" ಎಂದು ಹಿಂದಿನವರಿಗೆ ಕೈ ಅಡ್ಡ ಹಾಕಿದ. "ನಮ್ಮಣ್ಣ ಇವನು! ಆರರಲ್ಲಿ ಒಬ್ಬ!" ದೊಣ್ಣೆಗಳು ಇಳಿದವು. ಯಾರೋ ಎನೋಕಾನ ಬೆನ್ನು ತಟ್ಟಿದರು. ಲೂಕಾ ಪಕ್ಕಕ್ಕೆ ತಿರುಗಿದ.

"ಮುದುಕಾ, ನೀನು ಯಾರಿಗೆ ಹಾಕ್ದೆ?"

ಹೋಸೆಯಾ ಕೋಲೂರಿ ಎದ್ದು ನಿಂತ. "ಚೀಟಿ ಯಾಕೆ ಮಡಚ್ತಾರೆ ಮಗಾ? ನಿನ್ನಂಥೋನಿಗೆ ತೋರಿಸ್ಬಾರ್ದು ಅಂತ್ಲೇ."

"ಯಾರಿಗೆ ಹಾಕ್ದೆ ಹೇಳು, ಬಿಟ್ಬಿಡ್ತೀನಿ."

"ಕೇಳೋನು ಕೈಯಲ್ಲಿ ದೊಣ್ಣೆ ಹಿಡ್ಕೊಂಡು ಕೇಳಿದ್ರೆ ಹೇಳಲ್ಲ. ಹೋಗು, ಕೆಳಗಿಟ್ಟು ಬಾ."

ಆಗ ಮುದುಕ ಎನೋಕಾನ ಕಡೆ ಒಮ್ಮೆ ತಿರುಗಿದ. ಬೇಡುವ ನೋಟವಲ್ಲ. ಪಕ್ಕದಲ್ಲಿ ಕೂತವನು ಇನ್ನೂ ಇದ್ದಾನೋ ಹೋದನೋ ಎಂದು ನೋಡುವ ಮಾಮೂಲಿ ನೋಟ. ಎನೋಕಾ ತನ್ನ ಬೂಟುಗಳನ್ನು ನೋಡಿಕೊಂಡ. ಬಾಯಲ್ಲಿ ಬಿಸಿ ಕಡುಬು ಇಟ್ಟುಕೊಂಡವನ ಹಾಗೆ ನಿಂತ. ಅರ ಬಿದ್ದ ಸದ್ದು ಕೇಳಿಸಿತು, ಒದ್ದೆ ಮರ ಸೀಳಿದ ಸದ್ದು, ಎರಡು ಸಲ. ಈಗ ಬೀದಿಯಲ್ಲಿ ನಡೆಯುತ್ತ ಅವನಿಗೆ ಮುದುಕನ ಮೇಲೂ ರೇಗಿತು. ಹೇಳಿಬಿಟ್ಟಿದ್ದರೆ ಏನು ಗಂಟು ಹೋಗುತ್ತಿತ್ತು? ಒಂದು ಹೆಸರು. ನಿಜವಾದ ಹೆಸರು. ಸುಳ್ಳು ಹೇಳಿದವರೆಲ್ಲ ಉಳಿದುಕೊಂಡರು, ನಿಜ ಇದ್ದವನೊಬ್ಬ ಅದನ್ನು ಮಡಚಿಟ್ಟುಕೊಂಡು ತಲೆ ಒಡೆಸಿಕೊಂಡ. ಇಂಥ ಅಹಂಕಾರದವರಿಂದಲೇ ಉಳಿದವರಿಗೆಲ್ಲ ಬದುಕುವುದು ಕಷ್ಟ.

ಬಂದರಿನ ಕಡೆಯಿಂದ ನಗಾರಿ ಕೇಳಿಸಿತು. ಯುದ್ಧನೌಕೆಗಳಿಂದ ಇಳಿದ ಪರದೇಶದ ಸಿಪಾಯಿಗಳು ಹೆಗಲಿಗೆ ಬಂದೂಕು ಏರಿಸಿ ಸಾಲಾಗಿ ಕೋರ್ಟುಮನೆಗೆ ಹೋಗುತ್ತಿದ್ದರು. ಮಧ್ಯಾಹ್ನ ನಾವು ಆರಿಸಿದ ರಾಜನನ್ನು ಸಂಜೆಗೆ ಕಾಯುವವರು ಇವರು. ಸಾಲಿನ ಕೊನೆಯ ಕೆಂಪು ಮುಖದವನು ಎನೋಕಾನ ಕೋಟು ನೋಡಿ, ಮಾಲೆ ನೋಡಿ, ಟೋಪಿಗೆ ಕೈ ಹಚ್ಚಿ ಸಲಾಮು ಹೊಡೆದ. ಎನೋಕಾ ವಾಪಸು ಸಲಾಮು ಮಾಡಿದ. ಕೈ ತಾನಾಗಿಯೇ ಎದ್ದಿತ್ತು. ಆ ಕೈಯನ್ನು ಎಲ್ಲಿ ಇಟ್ಟುಕೊಳ್ಳುವುದೆಂದು ತಿಳಿಯದೆ ಮನೆಯವರೆಗೂ ಜೇಬಿನಲ್ಲಿ ತುರುಕಿಕೊಂಡು ಹೋದ.

ಲಹೇಲಾ ಚಿಕ್ಕಮ್ಮ ಅವನ ತಾಯಿಯ ತಂಗಿ. ಹಾಲು ಬಿಟ್ಟ ದಿನದಿಂದ ಅವನನ್ನು ಸಾಕಿದವಳು. ಹೊಸ್ತಿಲಲ್ಲೇ ಅವನ ಮೂಗಿಗೆ ಮೂಗು ತಾಗಿಸಿ ದೀರ್ಘವಾಗಿ ಉಸಿರೆಳೆದಳು, ಏನೂ ಕೇಳಲಿಲ್ಲ. ಕೇಳಬೇಕಾದ್ದೆಲ್ಲ ಲೂಕಾ ಮೊದಲೇ ಬಂದು ಹೇಳಿಯಾಗಿತ್ತು. ಕೇದಗೆಯ ಚಾಪೆಯ ನಡುವೆ ಮರದ ಬಟ್ಟಲು ಬಂತು, ಅದರ ತುಂಬ ಪೋಯಿ, ಕೆಸುವಿನ ಗೆಡ್ಡೆ ಬೇಯಿಸಿ ಕುಟ್ಟಿದ ನೇರಳೆ ಬಣ್ಣದ ಗಟ್ಟಿ ಅಂಬಲಿ. ಚಿಕ್ಕಮ್ಮ ಮುಚ್ಚಳ ತೆಗೆದಳು. ನಮ್ಮಲ್ಲಿ ಕೆಸು ಬರಿಯ ಗೆಡ್ಡೆಯಲ್ಲ, ಮನುಷ್ಯ ಹುಟ್ಟುವುದಕ್ಕೆ ಮುಂಚೆ ಹುಟ್ಟಿದ ಅಣ್ಣ. ಅಣ್ಣ ಎದುರಿಗೆ ಕೂತಿರುವಾಗ ತಮ್ಮಂದಿರು ಜಗಳವಾಡಬಾರದು. ಪೋಯಿಯ ಬಟ್ಟಲು ತೆರೆದಿರುವಷ್ಟು ಹೊತ್ತು ಬೈಗುಳವಿಲ್ಲ, ವ್ಯಾಜ್ಯವಿಲ್ಲ, ಕೈಯೆತ್ತುವುದಂತೂ ಇಲ್ಲವೇ ಇಲ್ಲ. ಚಿಕ್ಕಮ್ಮನ ಮನೆಯಲ್ಲಿ ಇದು ಬೈಬಲ್ಲಿಗಿಂತ ಬಿಗಿ. ಚಿಕ್ಕಂದಿನಲ್ಲಿ ತಪ್ಪು ಮಾಡಿ ಸಿಕ್ಕಿಬಿದ್ದ ದಿನ ಅವನೂ ಲೂಕಾನೂ ಒಂದೊಂದೇ ಬೆರಳು ಅದ್ದಿ, ನೆಕ್ಕಿ, ಮತ್ತೆ ಅದ್ದಿ, ಇರುವೆಯ ಹಾಗೆ ಉಣ್ಣುತ್ತಿದ್ದರು. ಚಿಕ್ಕಮ್ಮ ನಗುನಗುತ್ತ ಕಾಯುತ್ತಿದ್ದಳು. ಬಟ್ಟಲು ಬರಿದಾಗಿ, ಒಳಬದಿ ಬಳಿದು, ಮುಚ್ಚಳ ಬಿದ್ದ ಕ್ಷಣಕ್ಕೆ ಬೆತ್ತ ಏಳುತ್ತಿತ್ತು.

ಲೂಕಾ ಒಳಕೋಣೆಯಿಂದ ಬಂದು ಕೂತ. ಬಲಗೈ ಊದಿ, ಹಸಿರು ಎಲೆ ಕಟ್ಟಿಕೊಂಡಿದ್ದ. ಪೊಲೀಸರು ಹುಡುಕುತ್ತಿದ್ದರೂ ಮುಖದಲ್ಲಿ ಭಯವಿರಲಿಲ್ಲ, ಹಬ್ಬದ ಕಳೆ ಇತ್ತು. "ಅಣ್ಣ ಮೊದ್ಲು ಉಣ್ಲಿ," ಎಂದ, ಬಟ್ಟಲನ್ನು ಎನೋಕಾನ ಕಡೆ ಸರಿಸಿ. "ನಮ್ಮ ಮನೆ ಮಾನ ಉಳಿಸ್ದೋನು." ಅಷ್ಟರಲ್ಲಿ ನೆರೆಮನೆಯ ಕೇಪಾ ಬಂದ, ದ್ವೀಪಗಳ ನಡುವೆ ಸರಕು ಸಾಗಿಸುವ ಹಾಯಿದೋಣಿಯ ಯಜಮಾನ. ಎಲೆಯಲ್ಲಿ ಸುತ್ತಿದ ಕೆಂಪು ಮೀನೊಂದನ್ನು ಎನೋಕಾನ ಮುಂದಿಟ್ಟ. ಅಂಥ ಮೀನು ದೊಡ್ಡವರಿಗೆ ಮಾತ್ರ ಕೊಡುವುದು.

"ನಾಳೆ ಮೊಲೊಕಾಯಿಗೆ ಹೊರಟೆ," ಎಂದ ಕೇಪಾ ಕೂರುತ್ತ. "ಆ ಹೋಸೆಯಾನ ಸೊಸೆ ಬಂದಿದ್ಲು, ಮಾವನ್ನ ಮಲಗಿಸ್ಕೊಂಡು ಹೋಗ್ಬೇಕಂತೆ. ಮಾತು ನಿಂತಿದೆ, ಉಳಿಯಲ್ಲ ಅಂದ್ರಂತೆ ಡಾಕ್ಟ್ರು. ಅವರ ಹಿರಿಯರ ಮೂಳೆ ಎಲ್ಲಿದೆಯೋ ಅಲ್ಲೇ ಇವನದೂ ಇರ್ಬೇಕಂತೆ. ನಾನು ಆಗಲ್ಲ ಅಂದೆ."

"ಆಗಲ್ಲ ಅಂದ್ಯಾ?" ಎಂದ ಎನೋಕಾ.

"ಇನ್ನೇನು ಮತ್ತೆ? ರಾಣಿಯನ್ನ ಮಾರ್ಕೊಂಡ ನಾಯಿನ ನನ್ನ ದೋಣಿ ಮೇಲೆ..."

"ಕೇಪಾ," ಎಂದಳು ಚಿಕ್ಕಮ್ಮ, ದನಿ ಏರಿಸದೆ. "ಬಟ್ಟಲು ತೆರೆದಿದೆ."

"ತಪ್ಪಾಯ್ತಕ್ಕ." ಅವನು ಎರಡು ಬೆರಳಲ್ಲಿ ಪೋಯಿ ತೆಗೆದು ಬಾಯಿ ಒರೆಸಿಕೊಂಡ. "ಬೇರೆ ದೋಣಿಯೋರೂ ಆಗಲ್ಲ ಅಂದ್ರಂತೆ. ಅಷ್ಟೇ ಹೇಳ್ದೆ, ಬೈಲಿಲ್ಲ."

ಲೂಕಾ ಊದಿದ ಕೈಯನ್ನು ನೋಡಿಕೊಂಡು ಮೆಲ್ಲನೆ ನಕ್ಕ. ಆ ನಗುವಿನಲ್ಲಿ ದುಷ್ಟತನವಿರಲಿಲ್ಲ, ಅದೇ ಎನೋಕಾನಿಗೆ ಸಹಿಸಲಾಗಲಿಲ್ಲ. ಕೆಲಸ ಸರಿಯಾಗಿ ಮಾಡಿ ಬಂದವನ ನಗು ಅದು. ಇವನು ನನ್ನನ್ನು ನಂಬಿದ್ದಾನೆ. ಕೇಳದೆ, ನೋಡದೆ, ಕೊಹಾಲದ ಹೆಂಗಸರ ಹಾಗೆ. ಇವರ ನಂಬಿಕೆಯ ಮೇಲೆ ಬೆಂಕಿ ಬೀಳಲಿ. ನಂಬುವ ಮೊದಲು ಒಂದು ಸಲ ನನ್ನ ಮುಖ ನೋಡಬಾರದಿತ್ತೇ? ಕೈ ಅಡ್ಡ ಇಟ್ಟುಕೊಂಡು ಬರೆದವನ ಮುಖ ಇದೆಂದು ಯಾರಿಗೂ ಹೊಳೆಯಬಾರದಿತ್ತೇ? ಸುಮ್ಮನಿದ್ದರೆ ಮುಗಿಯಿತು, ಮುದುಕನಿಗೆ ಮಾತು ನಿಂತಿದೆ, ಚೀಟಿ ಕಂಡವನು ತಾನೊಬ್ಬನೇ, ನಾಳೆ ಹೂಮಾಲೆ ಹಾಕಿಕೊಂಡು ಕೊಹಾಲಕ್ಕೆ ಹೋಗಬಹುದು, ಹೆಂಗಸರು ಮತ್ತೆ ನೀರಿಗಿಳಿದು ಬರುತ್ತಾರೆ. ಮುದುಕ ಈ ಪರ ಊರಿನಲ್ಲಿ ಸತ್ತು, ದ್ರೋಹಿಯೆಂಬ ಹೆಸರಿನಡಿ ಯಾರದೋ ಮಣ್ಣಿನಲ್ಲಿ ಹೂತುಹೋಗುತ್ತಾನೆ. ಬಾಯಲ್ಲಿದ್ದ ಪೋಯಿ ಹುಳಿಯಾಯಿತು. ಮುದುಕ ಕೋಲೂರಿ ಎದ್ದು ನಿಂತದ್ದು, ಆ ಮಾಮೂಲಿ ನೋಟ. ಇದ್ದೀಯೋ, ಹೋದೆಯೋ?

ಎನೋಕಾ ಚಿಕ್ಕಮ್ಮನ ಪಕ್ಕದಲ್ಲಿದ್ದ ಮುಚ್ಚಳವನ್ನು ತೆಗೆದುಕೊಂಡು ಬಟ್ಟಲನ್ನು ಮುಚ್ಚಿದ.

ಮರಕ್ಕೆ ಮರ ತಾಗಿದ ಸದ್ದಿಗೆ ಮೂವರ ಕೈಯೂ ಇದ್ದಲ್ಲೇ ನಿಂತಿತು. ಊಟದ ನಡುವೆ ಬಟ್ಟಲು ಮುಚ್ಚಿದರೆ ಅರ್ಥ ಒಂದೇ, ಇನ್ನು ಜಗಳಕ್ಕೆ ತಡೆಯಿಲ್ಲ. ಆ ಮನೆಯಲ್ಲಿ ಚಿಕ್ಕಮ್ಮನಲ್ಲದೆ ಬೇರೆ ಯಾರೂ ಇದುವರೆಗೆ ಅದನ್ನು ಮುಚ್ಚಿರಲಿಲ್ಲ.

"ನಾನು ಕರ್ನಲ್‌ಗೆ ಹಾಕ್ದೆ," ಎಂದ ಎನೋಕಾ. ದನಿ ತನ್ನದಲ್ಲದ ಹಾಗೆ ದೊಡ್ಡದಾಗಿ ಬಂತು. "ಕೇಳಿಸ್ತಾ? ಕರ್ನಲ್‌ಗೆ. ನನ್ನ ಇದೇ ಕೈಯಲ್ಲಿ. ಯಾರೂ ಹೆದರಿಸ್ಲಿಲ್ಲ, ಯಾರೂ ಏನೂ ಕೊಡ್ಲಿಲ್ಲ. ಒಬ್ಳು ಹೆಂಗಸು ನನ್ನ ನೋಡಿ ನಕ್ಲು, ಅದಕ್ಕೆ ಹಾಕ್ದೆ. ರಾಣಿಗೆ ಹಾಕ್ದೋನು ಹೋಸೆಯಾ. ನಾನು ಕಣ್ಣಾರೆ ನೋಡ್ದೆ, ಇಷ್ಟಿಷ್ಟು ದೊಡ್ಡ ಅಕ್ಷರ. ಆರರಲ್ಲಿ ಒಬ್ಬ ಅವನು. ನೀನು ಹೊಡೆದದ್ದು ಅವನನ್ನ ಕಣೋ, ಕತ್ತೆ! ನಾನು ಪಕ್ಕದಲ್ಲೇ ನಿಂತಿದ್ದೆ. ಬೂಟು ನೋಡ್ಕೊಂಡು ನಿಂತಿದ್ದೆ!"

"ಸುಳ್ಳು," ಎಂದ ಲೂಕಾ.

"ನಿನ್ನ ಕೈ ನೋಡ್ಕೋ. ಅದು ಸುಳ್ಳಾ?"

"ಸುಳ್ಳು ಹೇಳ್ತಿದ್ದೀಯ. ಮುದುಕನ್ನ ದೋಣಿ ಹತ್ತಿಸೋಕೆ ಹೇಳ್ತಿದ್ದೀಯ, ನಿನ್ನದು ಮೊದ್ಲಿಂದ ಮೆತ್ತನೆ ಮನಸ್ಸು..." ಲೂಕಾ ಮಾತು ಮುಗಿಸಲಿಲ್ಲ. ಎನೋಕಾನ ಮುಖವನ್ನು ಕೊನೆಗೂ ನೋಡಿದ. ನೋಡುತ್ತ ನೋಡುತ್ತ ಎದ್ದ, ಊದಿದ ಕೈಯ ಎಲೆ ಕಳಚಿ ಬಿತ್ತು, ಮುಷ್ಟಿ ಬಿಗಿಯಿತು. ಗಂಟಲಿನಿಂದ ಅಳುವೋ ಗುಟುರೋ ತಿಳಿಯದ ಸದ್ದು ಬಂತು. ಎನೋಕಾ ಕೊರಳಿನ ಮಾಲೆಯನ್ನು ಹರಿದು ಎಸೆದು, ಕೋಟಿನ ಎದೆ ತೆರೆದು ಕೂತ. ಬಾ. ಮಧ್ಯಾಹ್ನದಿಂದ ಕಾಯುತ್ತಿದ್ದೇನೆ, ಬಾ. ಜೀವಮಾನದಲ್ಲಿ ಯಾವುದಕ್ಕೂ ಅಷ್ಟು ಆಸೆಪಟ್ಟಿರಲಿಲ್ಲ ಅವನು.

ಚಿಕ್ಕಮ್ಮ ಕೈ ಚಾಚಿ ಬಟ್ಟಲಿನ ಮುಚ್ಚಳ ತೆಗೆದಳು.

"ಕೂತ್ಕೋ ಲೂಕಾ," ಎಂದಳು. "ಬಟ್ಟಲು ತೆರೆದಿದೆ."

"ಅವ್ವಾ..."

"ತೆರೆದಿದೆ ಅಂದೆ."

ಲೂಕಾ ನಿಂತೇ ಇದ್ದ. ಆಮೇಲೆ ಕಾಲು ಮುರಿದವನ ಹಾಗೆ ಕೂತ. ಕೇಪಾ ಬೆರಳನ್ನು ನೀರಿನ ಬಟ್ಟಲಿನಲ್ಲಿ ಅದ್ದಿ ತೊಳೆದು, ಎನೋಕಾನ ಮುಂದಿಟ್ಟಿದ್ದ ಕೆಂಪು ಮೀನನ್ನು ಎಲೆಯ ಸಮೇತ ಎತ್ತಿಕೊಂಡ. "ಹಾಯಿ ಕಟ್ಟೋದಿದೆಯಕ್ಕ," ಎಂದು ಚಿಕ್ಕಮ್ಮನಿಗೆ ಮಾತ್ರ ಹೇಳಿದ. "ಮುದುಕ ಮಲಗೋಕೆ ನಿಮ್ಮದೊಂದು ಚಾಪೆ ಬೇಕಾಗತ್ತೆ, ಮೆತ್ತಗಿರೋದು." ಚಿಕ್ಕಮ್ಮ ತಲೆಯಾಡಿಸಿದಳು. ಅವನು ಹೋದ. ಮೀನನ್ನು ಯಾರಿಗೆ ಒಯ್ಯುತ್ತಿದ್ದಾನೆಂದು ಹೇಳಬೇಕಾಗಿರಲಿಲ್ಲ.

"ಉಣ್ಣು," ಎಂದಳು ಚಿಕ್ಕಮ್ಮ ಎನೋಕಾನಿಗೆ. ಮಾಮೂಲಿ ದನಿ. ಅವಳ ಕಣ್ಣಿಂದ ನೀರು ಇಳಿದು ಗದ್ದಕ್ಕೆ ಬಂದಿತ್ತು, ಒರೆಸಿಕೊಳ್ಳಲಿಲ್ಲ.

ಅವನಿಗೆ ಬೇಕಾದದ್ದು ಇದಲ್ಲ. ಬೈಯಲಿ, ಹಾಳಾಗಿ ಹೋಗು ಎನ್ನಲಿ, ಬೆತ್ತ ತರಲಿ. ತುತ್ತು ಉಣಿಸಿದ್ದು, ಹೊತ್ತು ತಿರುಗಿದ್ದು ಎಲ್ಲವನ್ನೂ ಎತ್ತಿ ಆಡಲಿ. ಆದರೆ ಬಟ್ಟಲು ತೆರೆದಿರುವಷ್ಟು ಹೊತ್ತು ಯಾರೂ ಏನೂ ಅನ್ನುವ ಹಾಗಿಲ್ಲ. ಹಾಗಾದರೆ ಬಟ್ಟಲು ಬರಿದಾಗಲಿ. ಅವನು ನಾಲ್ಕೂ ಬೆರಳು ಹೂತು ಪೋಯಿ ತೆಗೆದ, ನುಂಗಿದ, ಮತ್ತೆ ತೆಗೆದ. ಗದ್ದಕ್ಕೆ ಮೆತ್ತಿತು, ಕೋಟಿನ ಮೇಲೆ ಬಿತ್ತು, ಒರೆಸಲಿಲ್ಲ. ನೀರು ಕುಡಿಯದೆ ನುಂಗಿದ. ಎದುರಿಗೆ ಲೂಕಾ ಅವನ ಬೆರಳನ್ನೇ ನೋಡುತ್ತ, ಮುಷ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕಾಯುತ್ತಿದ್ದ. ಬಟ್ಟಲಿನ ತಳದ ಮರ ಕಾಣಿಸಿತು, ಒಂದು ಅಂಗೈಯಷ್ಟು. ಇನ್ನೆರಡು ತುತ್ತು. ಎನೋಕಾ ತಮ್ಮನ ಕಡೆ ನೋಡಿ ಆಯಿತೆಂಬಂತೆ ತಲೆಯಾಡಿಸಿದ.

ಚಿಕ್ಕಮ್ಮ ಒದ್ದೆ ಕೈಯಿಂದ ಬಟ್ಟಲಿನ ಒಳಬದಿಯನ್ನು ಅಚ್ಚುಕಟ್ಟಾಗಿ ಬಳಿದಳು, ಹಿಂದಿದ್ದ ಸೋರೆಬುರುಡೆಯನ್ನು ಎಳೆದು ಪೋಯಿಯನ್ನು ಮತ್ತೆ ಬಾಯಿಮಟ್ಟ ಸುರಿದಳು. ಮುಚ್ಚಳವನ್ನು ತೊಡೆಯ ಮೇಲಿಟ್ಟುಕೊಂಡು, ಅದರ ಮೇಲೆ ಎರಡೂ ಕೈ ಊರಿ ಕೂತಳು.

"ಉಣ್ಣು ಮಗಾ," ಎಂದಳು. "ಇನ್ನೂ ಇದೆ."